ಬೇಸಿಗೆಗೆ ಬಿಟ್ಟ ಬಿರುಕು ಮಳೆಗೆ ಮುಚ್ಚಿತು: ಒಂದು ಹಿತ್ತಲ ಫರಸಿಯ ಪ್ರಕರಣ

ಇದು ಕಲಬುರಗಿಯ ಒಂದು ಮನೆಯ ಹಿತ್ತಲಿಗೆ ಹಾಸಿದ ಫರಸಿಯ, ಅಂದರೆ ಕಲ್ಲುಹಾಸಿನ ವಿಷಯ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ ಮಾತ್ರ ಬಿಟ್ಟಿದ್ದೇನೆ. ಯಜಮಾನರು ನಿವೃತ್ತ ಶಾಲಾ ಶಿಕ್ಷಕರು, ಹಾಗಾಗಿ ಇಲ್ಲಿ ಅವರು ಬರೀ ಮಾಸ್ತರ್. ನಾನು ಸಿವಿಲ್ ಡಿಪ್ಲೊಮಾ ಮಾಡಿಕೊಂಡು ಈ ಭಾಗದಲ್ಲೇ ಕಟ್ಟಡದ ಕೆಲಸ ಮಾಡಿಸುತ್ತ ಬಂದವನು. ಈ ಪ್ರಕರಣದಲ್ಲಿ ಒಂದು ದೊಡ್ಡ ತಪ್ಪು ನನ್ನದೇ. ಅದನ್ನೂ ಮುಚ್ಚಿಟ್ಟಿಲ್ಲ.

ಹಿನ್ನೆಲೆ

ಅಡುಗೆಮನೆಯ ಹಿಂದೆ 20 ಅಡಿ ಉದ್ದ, 14 ಅಡಿ ಅಗಲದ ಖಾಲಿ ಜಾಗ. ಒಂದು ಮೂಲೆಯಲ್ಲಿ ದೊಡ್ಡ ಬೇವಿನ ಗಿಡ. ಹಿಂದಿನ ಕಾಂಪೌಂಡ್ ಆಚೆ ಗಟಾರ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಹೊಸದಲ್ಲ. ರಾತ್ರಿ ಹತ್ತಾದರೂ ಮನೆಯೊಳಗಿನ ಗೋಡೆ ಕಾದೇ ಇರುತ್ತದೆ. ಹಿತ್ತಲಲ್ಲಿ ಒಂದು ಚೊಕ್ಕ ನೆಲ ಇದ್ದರೆ ಸಂಜೆ ಕುರ್ಚಿ ಹಾಕಿಕೊಳ್ಳಬಹುದು, ರಾತ್ರಿ ಹೊರಸು ಹಾಕಬಹುದು. ಇದು ಮಾಸ್ತರ್ ಆಸೆ. ಮನೆಯಾಕೆಗೆ ಬೇಕಾಗಿದ್ದು ಬೇರೆ: ಮೆಣಸಿನಕಾಯಿ, ಸಂಡಿಗೆ ಒಣಗಿಸಲು ಮಣ್ಣಾಗದ ಜಾಗ. ಈ ಎರಡು ಆಸೆಗಳು ಮುಂದೆ ಒಂದು ಕಡೆ ಡಿಕ್ಕಿ ಹೊಡೆದವು, ಅದು ಆಮೇಲೆ.

ಜಾಗದಲ್ಲಿದ್ದದ್ದು ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ತೊಗರಿಗೆ, ಜೋಳಕ್ಕೆ ಇದರಂಥ ಮಣ್ಣಿಲ್ಲ. ನೆಲಗಟ್ಟಿಗೆ ಇದರಷ್ಟು ಕಾಟ ಕೊಡುವ ಮಣ್ಣೂ ಇಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲಕ್ಕೆ ಹೋದರೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಟ್ಟಿರುವುದು ಎಲ್ಲರೂ ನೋಡಿದ್ದೇ. ಅದೇ ಮಣ್ಣು ಮನೆ ಹಿಂದೆಯೂ ಇದೆ ಅನ್ನುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಮೊದಲ ಸಲ ಮಾಡಿದ್ದು

2020ರ ಫೆಬ್ರುವರಿ. ಪರಿಚಯದ ಗೌಂಡಿಯೊಬ್ಬ ಕೆಲಸ ಹಿಡಿದ. ಮೇಲಿನ ಹುಲ್ಲು ಕೆತ್ತಿ, ಮೂರು ಇಂಚು ಖಡಿ (ಜಲ್ಲಿ ಕಲ್ಲು) ಹರವಿ, ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿದ. ಮೇಲೆ ಸಿಮೆಂಟಿನಲ್ಲಿ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು ಕೂಡಿಸಿದ. ಸಂದಿಗೂ ಸಿಮೆಂಟ್. ನೋಡಲು ಕನ್ನಡಿ ಹಾಗಿತ್ತು. ಕೆಲಸದಲ್ಲಿ ಅವನು ಮೋಸ ಮಾಡಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ವರ್ಷ ಅಕ್ಟೋಬರ್‌ನಲ್ಲಿ ಮಳೆ ಹೇಗಿತ್ತು ಅಂತ ಕಲಬುರಗಿಯವರಿಗೆ ಹೇಳಬೇಕಿಲ್ಲ. ಭೀಮಾ ದಂಡೆಯ ಊರೂರೇ ಮುಳುಗಿದ್ದ ತಿಂಗಳು ಅದು. ಮಾಸ್ತರ್ ಮನೆಗೆ ನೀರು ನುಗ್ಗಲಿಲ್ಲ. ಆದರೆ ಒಂದು ಬೆಳಿಗ್ಗೆ ಅಡುಗೆಮನೆಯ ಸೊಳ್ಳೆ ಜಾಲರಿ ಬಾಗಿಲು ಹೊರಕ್ಕೆ ತೆರೆಯಲಿಲ್ಲ. ಕೆಳಗಿನ ಕಲ್ಲು ಎದ್ದು ಬಾಗಿಲಿಗೆ ತಾಗುತ್ತಿತ್ತು. ಬಡಗಿಯನ್ನು ಕರೆಸಿ ಬಾಗಿಲಿನ ಕೆಳತುದಿಯನ್ನು ಅರ್ಧ ಇಂಚು ಕೊಯ್ಸಿದರು. ಮಳೆಗೆ ಕಟ್ಟಿಗೆ ಉಬ್ಬಿದೆ ಅಂತ ಎಲ್ಲರೂ ಅಂದುಕೊಂಡರು. ಉಬ್ಬಿದ್ದು ಕಟ್ಟಿಗೆಯಲ್ಲ.

2021ರ ಏಪ್ರಿಲ್ ಕೊನೆಗೆ ನಡುವೆ ಉದ್ದಕ್ಕೆ ಬಿರುಕು ಕಾಣಿಸಿತು. ಮೇ ಹೊತ್ತಿಗೆ ಅದರಲ್ಲಿ ಒಂದು ರೂಪಾಯಿ ನಾಣ್ಯ ನಿಲ್ಲುತ್ತಿತ್ತು. ಆಗ ನನಗೆ ಫೋನ್ ಬಂತು.

ನನ್ನ ತಪ್ಪು

ಲಾಕ್‌ಡೌನ್ ಕಾಲ. ಹೋಗಿ ನೋಡಲಿಲ್ಲ. ಮೊಬೈಲಿನಲ್ಲಿ ನಾಲ್ಕು ಫೋಟೋ ನೋಡಿದೆ. ‘ಸಿಮೆಂಟ್ ಕಡಿಮೆ ಹಾಕ್ಯಾನ್ರೀ ಮಾಸ್ತರ್, ಕ್ಯೂರಿಂಗೂ ಸರಿ ಮಾಡಿಲ್ಲ’ ಅಂದೆ. ಸಿಮೆಂಟ್ ಹಾಲು ಮಾಡಿ ಬಿರುಕಿಗೆ ಹೊಯ್ಯಿರಿ, ತುಂಬಿಕೊಳ್ಳುತ್ತದೆ ಅಂತ ಸಲಹೆಯನ್ನೂ ಕೊಟ್ಟೆ. ಮಾಸ್ತರ್ ಪಕ್ಕದ ಕಟ್ಟಡದಿಂದ ಒಂದು ಬುಟ್ಟಿ ಸಿಮೆಂಟ್ ತಂದು, ಚಹಾ ಕೆಟಲಿನಲ್ಲಿ ಕಲಸಿ, ತಾವೇ ಕೂತು ಹೊಯ್ದರು. ತುಂಬ ನೀಟಾಗಿ ಮಾಡಿದ್ದರು. ಹಾಗೆ ನೀಟಾಗಿ ಮಾಡಿದ್ದೇ ಮುಳುವಾಯಿತು.

ಸೆಪ್ಟೆಂಬರ್‌ನಲ್ಲಿ ಮತ್ತೆ ಫೋನ್. ಈ ಸಲ ಹೋದೆ. ತುಂಬಿದ ಬಿರುಕಿನ ಎರಡೂ ಕಡೆಯ ಕಲ್ಲುಗಳು ತಲೆಗೆ ತಲೆ ಹಚ್ಚಿಕೊಂಡು ಡೇರೆಯ ಹಾಗೆ ಎದ್ದು ನಿಂತಿದ್ದವು. ಕಾಲಿಟ್ಟರೆ ಟೊಳ್ಳು ಸದ್ದು. ಎರಡು ಕಲ್ಲಿನ ಅಂಚು ಸಿಡಿದು ಚಕ್ಕೆ ಎದ್ದಿತ್ತು.

‘ನೀವು ಹೇಳ್ದಂಗೇ ಮಾಡೀನ್ರೀ. ಹಿಂಗ್ಯಾಕ ಆಗ್ಯಾದ?’ ಅಂದರು ಮಾಸ್ತರ್. ಸಿಟ್ಟಿರಲಿಲ್ಲ. ಪಾಠ ಒಪ್ಪಿಸದ ಹುಡುಗನನ್ನು ಕೇಳಿದ ಹಾಗೆ ಕೇಳಿದರು. ಅದು ಇನ್ನೂ ಕಷ್ಟ.

ನಂತರ ಒಳಗಿನಿಂದ ಒಂದು ನೋಟ್‌ಬುಕ್ ತಂದರು. ಬೇವಿನ ಗಿಡದ ಹತ್ತಿರ ಇನ್ನೊಂದು ಸಣ್ಣ ಬಿರುಕು ಇತ್ತಂತೆ. ಸಿಮೆಂಟ್ ಸಾಲದೆ ಅದನ್ನು ಹಾಗೇ ಬಿಟ್ಟಿದ್ದರು. ಸುಮ್ನೆ ಕೂರಲಾಗದೆ ಪೆನ್ಸಿಲ್‌ನಲ್ಲಿ ಎರಡೂ ಕಡೆ ಗುರುತು ಹಾಕಿ, ಕಂಪಾಸ್ ಬಾಕ್ಸಿನ ಸ್ಕೇಲಿನಿಂದ ಆಗಾಗ ಅಳೆದು ಬರೆದಿಟ್ಟಿದ್ದರು. ಮೇ 12: 5 ಮಿ.ಮೀ. ಜೂನ್ 20: 4. ಜುಲೈ 18: 2. ಸೆಪ್ಟೆಂಬರ್ 5: ‘ಸ್ಕೇಲಿಗೆ ಸಿಗುತ್ತಿಲ್ಲ.’

ಆ ಪುಟ ನೋಡಿದ ಮೇಲೆ ನನಗೆ ಬೇರೇನೂ ಬೇಕಾಗಲಿಲ್ಲ. ಕಾಂಕ್ರೀಟಿಗೆ ಸಿಮೆಂಟ್ ಕಡಿಮೆ ಹಾಕಿದ್ದರಿಂದ ಬಂದ ಬಿರುಕು ಮಳೆಗಾಲದಲ್ಲಿ ತಾನಾಗಿ ಮುಚ್ಚುವುದಿಲ್ಲ ಅಲ್ವಾ? ಕೆಳಗಿನ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಕಾಂಕ್ರೀಟನ್ನು ಎಳೆದಿತ್ತು, ಮಳೆಯಲ್ಲಿ ಉಬ್ಬಿ ಮತ್ತೆ ಕೂಡಿಸಿತ್ತು. ಮೇ ತಿಂಗಳಲ್ಲಿ ಪೂರ್ತಿ ತೆರೆದಿದ್ದ ಬಿರುಕಿಗೆ ನಾನು ಸಿಮೆಂಟ್ ತುಂಬಿಸಿದ್ದೆ. ಮಳೆ ಬಂದಾಗ ಅದು ಮುಚ್ಚಿಕೊಳ್ಳಬೇಕು, ಮುಚ್ಚಲು ಜಾಗವಿಲ್ಲ. ಹಾಗಾಗಿ ಮೇಲಕ್ಕೆದ್ದಿತು. ಎಂಥ ಬಿರುಕೇ ಇರಲಿ, ಒಂದು ಬೇಸಿಗೆ ಒಂದು ಮಳೆಗಾಲ ಅಳೆಯದೆ ತುಂಬಬಾರದು ಅಂತ ಅವತ್ತಿನಿಂದ ನಾನೇ ಹಾಕಿಕೊಂಡ ನಿಯಮ.

ಎರಡು ಗ್ಲಾಸಿನ ಪರೀಕ್ಷೆ

ಮಾಸ್ತರ್‌ಗೆ ಬಾಯಿ ಮಾತು ಸಾಲಲಿಲ್ಲ, ಸಾಲಬೇಕಾಗಿಯೂ ಇರಲಿಲ್ಲ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಲ್ಯಾಬಿನಲ್ಲಿ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಮಣ್ಣನ್ನು ಚೆನ್ನಾಗಿ ಒಣಗಿಸಿ, ಪುಡಿ ಮಾಡಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸಾಣಿಸಬೇಕು. ಗುರುತಿರುವ ಎರಡು ಗಾಜಿನ ಜಾಡಿಗೆ 10 ಮಿ.ಲೀ.ನಷ್ಟು ಪುಡಿ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, 24 ತಾಸು ಬಿಡಬೇಕು. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ. ಎರಡರ ನಡುವಿನ ವ್ಯತ್ಯಾಸವೇ ಮಣ್ಣಿನ ಗುಣ. (ಈಗ ಸೀಮೆಎಣ್ಣೆ ಹುಡುಕುವುದೇ ದೊಡ್ಡ ಕೆಲಸ. ಕೊನೆಗೆ ಸ್ಟೋವ್ ರಿಪೇರಿ ಮಾಡುವವರ ಹತ್ತಿರ ಒಂದು ಬಾಟಲಿ ಸಿಕ್ಕಿತು.)

ಮರುದಿನ ಸೀಮೆಎಣ್ಣೆ ಜಾಡಿಯಲ್ಲಿ ಮಣ್ಣು 10ರಲ್ಲೇ ಕೂತಿತ್ತು. ನೀರಿನ ಜಾಡಿಯಲ್ಲಿ 17ಕ್ಕೆ ಏರಿತ್ತು. ಅಂದರೆ ಶೇ 70 ಉಬ್ಬು. ಶೇ 50 ದಾಟಿದರೆ ಅತಿ ಹೆಚ್ಚು ಉಬ್ಬುವ ಮಣ್ಣು ಅಂತ ಲೆಕ್ಕ. ಮಾಸ್ತರ್ ಜಾಡಿಯನ್ನು ಕಿಟಕಿ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಮನೆಯಾಕೆ ಮಾತ್ರ, ‘ನೆನಸಿದ ಕಡ್ಲಿಬ್ಯಾಳಿ ಆಗ್ಯಾದ ನೋಡ್ರಿ’ ಅಂದರು. ನಾನು ಅರ್ಧ ತಾಸು ವಿವರಿಸಿದ್ದಕ್ಕಿಂತ ಅದೇ ಚೆನ್ನಾಗಿತ್ತು.

ಏನು ಮಾಡುವುದು ಅನ್ನುವ ಚರ್ಚೆ

ಗೌಂಡಿ ಹೇಳಿದ್ದು, ಎಂಟು ಇಂಚು ಕಾಂಕ್ರೀಟ್, ಒಳಗೆ ಕಬ್ಬಿಣ. ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಆದರೆ ಮೇಲಿನದು ಎಷ್ಟೇ ಗಟ್ಟಿಯಾದರೂ ಕೆಳಗಿನದು ಕುಣಿಯುವುದು ನಿಲ್ಲುವುದಿಲ್ಲ. ಒಂದೇ ತುಂಡಾಗಿ ಓಲುತ್ತದೆ, ಮುರಿದ ದಿನ ರಿಪೇರಿಗೂ ಬರುವುದಿಲ್ಲ.

ಮಾಸ್ತರ್ ಎಲ್ಲೋ ಓದಿ ಸುಣ್ಣದ ವಿಷಯ ತೆಗೆದರು. ಎರಿ ಮಣ್ಣಿಗೆ ಶೇ 4ರಷ್ಟು ಸುಣ್ಣ ಬೆರೆಸಿದರೆ ಉಬ್ಬುವ ಗುಣ ಬಹಳ ಕಡಿಮೆಯಾಗುತ್ತದೆ, ನಿಜ. ರಸ್ತೆ ಕೆಲಸದಲ್ಲಿ ಮಾಡುತ್ತಾರೆ. ಆದರೆ ಹೆಂಟೆಯನ್ನೆಲ್ಲ ಪುಡಿ ಮಾಡಿ ಸಮನಾಗಿ ಬೆರೆಸಬೇಕು. ಅಲ್ಲಿ ಮಷೀನು ಇರುತ್ತದೆ. ಇಲ್ಲಿ ಗುದ್ದಲಿ, ಸಲಿಕೆ, ಇಬ್ಬರು ಆಳು. ಬೇಡ ಅಂದೆ.

ಉಳಿದದ್ದು ಮಣ್ಣು ತೆಗೆದು ಬೇರೆ ತುಂಬುವುದು. ಎಷ್ಟು ಆಳ? ಎರಿ ಮಣ್ಣು ವರ್ಷವಿಡೀ ಉಬ್ಬಿ ಕುಗ್ಗುವ ಆಳ ಹತ್ತು ಅಡಿಯವರೆಗೂ ಇರುತ್ತದೆ. ಅಷ್ಟು ಅಗೆಯುವುದು ಹುಚ್ಚುತನ. ನನಗೆ ಮೂರು ಅಡಿ ಬೇಕಿತ್ತು, ಅವರ ಹಣ ಎರಡು ಅಡಿಗೆ ಸಾಕಿತ್ತು. ಎರಡು ಅಡಿಗೆ ಒಪ್ಪಿಕೊಂಡೆ. ಒಂದು ಷರತ್ತು ಹಾಕಿದೆ: ಹಾಸುವ ಕಲ್ಲು ಬಿಡಿ ಕಲ್ಲಾಗಿರಬೇಕು, ಕೆಳಗೆ ಸಿಮೆಂಟ್ ಬೇಡ. ಮಣ್ಣು ಸ್ವಲ್ಪ ಆಡಿದರೂ ಕಲ್ಲುಗಳು ಸಂದಿಯಲ್ಲಿ ಸರಿದಾಡಿಕೊಳ್ಳಲಿ, ತಗ್ಗಾದರೆ ಎತ್ತಿ ಕೂಡಿಸಬಹುದು.

ಇಡೀ ಕೆಲಸದ ತಿರುವು ಬಂದದ್ದು ಏನು ತುಂಬಬೇಕು ಅನ್ನುವಲ್ಲಿ. ಗೌಂಡಿ ಉಸುಕು ಅಂದ. ನೀರು ಇಂಗಿ ಹೋಗುತ್ತದೆ ಅನ್ನುವುದು ಅವನ ವಾದ. ಇಂಗಿ ಹೋಗುವುದು ಎಲ್ಲಿಗೆ? ಸುತ್ತ, ಕೆಳಗೆ ಎಲ್ಲ ಎರಿ ಮಣ್ಣು, ನೀರು ಬಿಡುವುದೇ ಇಲ್ಲ. ಎರಿ ಮಣ್ಣಿನಲ್ಲಿ ಗುಂಡಿ ತೋಡಿ ಉಸುಕು ತುಂಬಿದರೆ ಅದು ನೆಲದಡಿಯ ನೀರಿನ ತೊಟ್ಟಿ. ತಳದ ಮಣ್ಣು ಆರಾಮಾಗಿ ನೀರು ಕುಡಿದು ಇನ್ನೂ ಜಾಸ್ತಿ ಉಬ್ಬುತ್ತದೆ. ಬೇಕಾಗಿದ್ದು ಗರಸು ಮಣ್ಣು, ಅಂದರೆ ಮುರುಮು. ಕುಟ್ಟಿದರೆ ಗಟ್ಟಿಯಾಗಿ ಕೂಡುತ್ತದೆ, ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ, ತಾನೂ ಉಬ್ಬುವುದಿಲ್ಲ. ತಂದ ಮುರುಮಿಗೂ ಜಾಡಿಯ ಪರೀಕ್ಷೆ ಮಾಡಿದೆವು. ಮೊದಲ ಟ್ರಾಲಿಯದು 13ಕ್ಕೆ ಏರಿತು. ಎರಿ ಮಣ್ಣು ಬೆರೆತ ಮುರುಮು. ಡ್ರೈವರ್ ಜೊತೆ ಒಂದಿಷ್ಟು ಜಗಳವಾಗಿ ವಾಪಸು ಹೋಯಿತು. ಎರಡನೆಯದು 10ರ ಮೇಲೆ ಕೂದಲೆಳೆಯಷ್ಟೇ ಏರಿತು, ಅದನ್ನು ಇಳಿಸಿಕೊಂಡೆವು.

ನೀರು ಎಲ್ಲಿಂದ ಬರುತ್ತಿತ್ತು

ಈ ಪ್ರಶ್ನೆ ಇದಕ್ಕಿಂತ ಮೊದಲು ಕೇಳಬೇಕಿತ್ತು. ಮಾಳಿಗೆಯ ನೀರಿನ ಪೈಪು ನೇರ ಹಿತ್ತಲಿಗೆ ಬಿಡುತ್ತಿತ್ತು, ಅದೂ ಆ ಜಾಲರಿ ಬಾಗಿಲ ಪಕ್ಕದಲ್ಲೇ. ಮಾಳಿಗೆಯ ಆ ಭಾಗ 600 ಚದರ ಅಡಿ. ಒಂದು ಇಂಚು ಮಳೆ ಬಿದ್ದರೆ 1,400 ಲೀಟರ್ ನೀರು ಆ ಒಂದು ಮೂಲೆಗೆ. ಬಾಗಿಲಿಗೆ ತಾಗಿದ ಕಲ್ಲಿನ ರಹಸ್ಯ ಅಲ್ಲಿತ್ತು. ಜೊತೆಗೆ ಪಾತ್ರೆ ತೊಳೆಯುವ ನಲ್ಲಿ, ಗೋಡೆಗೆ ಹಚ್ಚಿ ಇಟ್ಟ ದಾಸವಾಳದ ಕುಂಡ, ಕರಿಬೇವು. ದಿನವೂ ನೀರು, ಅದೂ ಒಂದೇ ಕಡೆ. ಇನ್ನೊಂದು ಮೂಲೆಯಲ್ಲಿ ಬೇವಿನ ಬೇರು ಮಣ್ಣನ್ನು ಹೀರಿ ಒಣಗಿಸುತ್ತಿತ್ತು. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ನಡುವೆ ಪಾಪ ಕಾಂಕ್ರೀಟ್.

ಮೊದಲು ಮಾಳಿಗೆ ಪೈಪಿಗೆ ಬೆಂಡ್ ಹಾಕಿಸಿ, ಕಾಂಪೌಂಡ್ ಪಕ್ಕದಲ್ಲಿ ನಾಲ್ಕು ಇಂಚಿನ ಪೈಪಿನಲ್ಲಿ ಹೊರಗೆ ಒಯ್ದೆವು. ಕುಂಡಗಳು ಗೋಡೆಯಿಂದ ದೂರ ಹೋದವು. ಬೇವು ಕಡಿಯುವ ಮಾತೇ ಬರಲಿಲ್ಲ, ಬರಬಾರದು ಕೂಡ. ಮೇ ತಿಂಗಳಲ್ಲಿ ಆ ನೆರಳಿಲ್ಲದೆ ಆ ಹಿತ್ತಲಿಗೆ ಅರ್ಥವೇ ಇಲ್ಲ. ಬುಡದ ಸುತ್ತ ಮೂರು ಅಡಿ ಖಾಲಿ ಬಿಟ್ಟೆವು.

ಕೆಲಸ

ಶುರುವಾದದ್ದು ನವೆಂಬರ್ ಕೊನೆಗೆ. ಮಾಸ್ತರ್‌ಗೆ ಯುಗಾದಿ ಹೊತ್ತಿಗೆ ಆದರೆ ಸಾಕಿತ್ತು, ಮಾರ್ಚ್‌ನಲ್ಲಿ ಮಾಡೋಣ ಅಂದಿದ್ದರು. ಬೇಡ ಅಂದೆ. ಒಣಗಿ ಕುಗ್ಗಿದ ಮಣ್ಣಿನ ಮೇಲೆ ಹಾಸಿದರೆ ಮೊದಲ ಮಳೆಗೇ ಪೂರ್ತಿ ಉಬ್ಬು ಸಿಗುತ್ತದೆ. ಸೆಪ್ಟೆಂಬರ್‌ನಲ್ಲಿ ಹಾಸಿದರೆ ತದ್ವಿರುದ್ಧ. ಮಳೆ ಮುಗಿದು ತಿಂಗಳಾದ ಮೇಲೆ ಮಣ್ಣು ನಡುವಿನ ಹದದಲ್ಲಿರುತ್ತದೆ. ಹಿಂದಿನ ಫೆಬ್ರುವರಿಯ ಕೆಲಸಕ್ಕೆ ಇದೂ ಒಂದು ಪೆಟ್ಟು ಕೊಟ್ಟಿತ್ತು ಅಂತ ನನ್ನ ಅಂದಾಜು.

ಗೋಡೆ ಪಕ್ಕದ ಮಣ್ಣನ್ನು ಒಮ್ಮೆಲೇ ತೆಗೆಯಲಿಲ್ಲ. ಐದೈದು ಅಡಿಯ ತುಂಡು ಮಾಡಿ, ಒಂದು ತುಂಡು ತೆಗೆದು ತುಂಬಿದ ಮೇಲೆ ಇನ್ನೊಂದು. ಗುಂಡಿಯ ತಳವನ್ನೂ ಗಟಾರದ ಕಡೆಗೆ ಇಳಿಜಾರು ಮಾಡಿದೆವು. ಮುರುಮನ್ನು ನಾಲ್ಕೈದು ಇಂಚಿನ ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಬಾಡಿಗೆಯ ಕಾಂಪ್ಯಾಕ್ಟರ್ ಮಷೀನಿನಿಂದ ಕುಟ್ಟಿದೆವು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಕೈಗೆ ನೀರು ಹತ್ತಬಾರದು, ಅಷ್ಟೇ ಹದ. ಕುಟ್ಟಿದ ಮೇಲೆ ಮುರುಮು 15 ಇಂಚು. ಅದರ ಮೇಲೆ ದಪ್ಪ ಖಡಿ, ಸಣ್ಣ ಖಡಿ, ಕಲ್ಲಪುಡಿ ಸೇರಿಸಿ ಐದೂವರೆ ಇಂಚು. ಅದರ ಮೇಲೆ ದಪ್ಪ ಉಸುಕು ಒಂದೂವರೆ ಇಂಚು. ಮೇಲೆ ಎರಡು ಇಂಚಿನ ಕಲ್ಲು. ಖಡಿಯ ಪದರದ ತಗ್ಗಿನ ಅಂಚಿನಲ್ಲಿ ತೂತಿನ ಪೈಪು ಇಟ್ಟು ಗಟಾರಕ್ಕೆ ಬಿಟ್ಟೆವು. ಇಳಿದ ನೀರು ನಿಲ್ಲದೆ ಹೊರಗೆ ಹೋಗಬೇಕು.

ಕಲ್ಲು ಶಹಾಬಾದಿನದೇ. ಅರ್ಧ-ಮುಕ್ಕಾಲು ತಾಸಿನ ದಾರಿಯಲ್ಲಿ ಇಂಥ ಕಲ್ಲು ಸಿಗುವಾಗ ಟೈಲ್ಸ್ ಯಾಕೆ ಬೇಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಭೂಮಿಯಲ್ಲೇ ಹಾಳೆ ಹಾಳೆಯಾಗಿ ಕೂತ ಸುಣ್ಣಕಲ್ಲು ಅದು, ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳಿಗೂ ಇದೇ ಜಾತಿಯ ಕಲ್ಲು. ಈ ಸಲ ಪಾಲಿಶ್ ಬೇಡ ಅಂದೆವು. ಹಿಂದಿನ ಮಳೆಗಾಲದಲ್ಲಿ ಮಾಸ್ತರ್ ತಾಯಿ ಕನ್ನಡಿಯಂಥ ಆ ಕಲ್ಲಿನ ಮೇಲೆ ಜಾರಿದ್ದರು, ಪುಣ್ಯಕ್ಕೆ ಏನೂ ಆಗಲಿಲ್ಲ. ಒರಟು ಮೈಯ 2 ಅಡಿ ಚೌಕದ ಕಲ್ಲು ತಂದೆವು. ಎರಡು ಇಂಚು ದಪ್ಪವಾದರೆ ಒಂದೊಂದು 50 ಕೆಜಿ ಬರುತ್ತದೆ, ಒಂದು ಸಿಮೆಂಟ್ ಚೀಲದ ತೂಕ. ಇಳಿಸುವವರು ಬೈದುಕೊಂಡೇ ಇಳಿಸಿದರು. ಆ ಭಾರವೇ ನಮಗೆ ಬೇಕಿತ್ತು.

ಇಳಿಜಾರಿಗೆ ನೀರಿನ ಪೈಪಿನಿಂದ ಮಟ್ಟ ನೋಡಿ ದಾರ ಕಟ್ಟಿದೆವು. ಅಡಿಗೆ ಕಾಲು ಇಂಚು, 14 ಅಡಿಗೆ ಮೂರೂವರೆ ಇಂಚು. ಗೌಂಡಿಗೆ ಇದು ಜಾಸ್ತಿ ಅನಿಸಿತು. ಒರಟು ಕಲ್ಲಿನ ಮೇಲೆ ಇಷ್ಟು ಬೇಕೇ ಬೇಕು. ಕುರ್ಚಿ ಹಾಕಿ ಕೂತು ನೋಡಿದ ಮೇಲೆ ಅವನೂ ಸುಮ್ಮನಾದ. ಅಂಚಿಗೆ ಪಟ್ಟಿ ಕಲ್ಲನ್ನು ನೆಟ್ಟಗೆ ನಿಲ್ಲಿಸಿ ಕಾಂಕ್ರೀಟಿನಲ್ಲಿ ಹಿಡಿಸಿದೆವು, ಇಲ್ಲದಿದ್ದರೆ ಅಂಚಿನ ಕಲ್ಲು ಹೊರಕ್ಕೆ ಸರಿಯುತ್ತದೆ.

ಜಗಳ ಬಂದದ್ದು ಸಂದಿಯ ಹತ್ತಿರ. ಕಾಲು ಇಂಚು ಸಂದಿ ಬಿಟ್ಟು ಒಣ ಕಲ್ಲಪುಡಿ ತುಂಬುವುದು ನನ್ನ ಲೆಕ್ಕ. ಮನೆಯಾಕೆ ಬಗ್ಗಲಿಲ್ಲ. ‘ಸಂಡಿಗಿ ಒಣಗಿಸಿದ್ರ ಉಸುಕು ಹತ್ತೋದಿಲ್ಲೇನ್ರೀ? ಇರುವಿ ಗೂಡು ಕಟ್ಟೋದಿಲ್ಲೇನು?’ ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಆ ಹಿತ್ತಲನ್ನು ಹೆಚ್ಚು ಬಳಸುವವರೂ ಅವರೇ. ಅಡುಗೆಮನೆ ಕಡೆಯ ಆರು ಅಡಿಗೆ ಸುಣ್ಣ-ಉಸುಕಿನ ಗಾರೆ, ಉಳಿದ ಕಡೆ ಕಲ್ಲಪುಡಿ ಅಂತ ರಾಜಿಯಾಯಿತು. ಸುಣ್ಣದ ಗಾರೆ ಸಿಮೆಂಟಿನಷ್ಟು ಬಿಗಿಯಲ್ಲ, ಸ್ವಲ್ಪ ಸೈರಿಸಿಕೊಳ್ಳುತ್ತದೆ.

ಕೊನೆಯ ದಿನ ಅಂಚಿನ ಕಾಂಕ್ರೀಟಿನ ಕಲೆ ತೆಗೆಯಲು ಆಳೊಬ್ಬ ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿಬಿಟ್ಟ. ಸುಯ್ ಅಂತ ನೊರೆ ಎದ್ದು ಕಲ್ಲಿನ ಮೇಲೆ ಅಂಗೈಯಗಲದ ಬಿಳಿ ಕಲೆ ಕೂತಿತು. ಸುಣ್ಣಕಲ್ಲಿಗೆ ಆ್ಯಸಿಡ್ ಹಾಕಿದರೆ ಕಲೆಯ ಜೊತೆ ಕಲ್ಲೂ ಕರಗುತ್ತದೆ. ಆ ಕಲೆ ಇವತ್ತಿಗೂ ಇದೆ.

ಆಮೇಲೆ ಏನಾಯಿತು

ಮೊದಲ ಸಲಕ್ಕಿಂತ ಸುಮಾರು ಒಂದೂವರೆ ಪಟ್ಟು ಖರ್ಚು, ಹಳೆಯದನ್ನು ಒಡೆದು ಸಾಗಿಸಿದ್ದು ಬೇರೆ. 2022ರ ಮೇ ತಿಂಗಳಲ್ಲಿ ಬೇವಿನ ಕಡೆಯ ಆರು ಕಲ್ಲು ಮುಕ್ಕಾಲು ಇಂಚು ಇಳಿದವು. ಬೇರು ಅಲ್ಲಿಯವರೆಗೂ ಹೋಗಿ ನೀರು ಹೀರಿತ್ತು. ಬುಡದ ಸುತ್ತ ಮೂರು ಅಡಿ ಬಿಟ್ಟದ್ದು ನನ್ನ ಜಿಪುಣತನ, ಐದು ಅಡಿ ಬಿಡಬೇಕಿತ್ತು. ತಕ್ಷಣ ಎತ್ತಿ ಸರಿ ಮಾಡಲು ಹೋಗಲಿಲ್ಲ, ಈ ಸಲ ಬುದ್ಧಿ ಬಂದಿತ್ತು. ಮಳೆಗಾಲದಲ್ಲಿ ಅರ್ಧದಷ್ಟು ತಾವಾಗಿ ಮೇಲೆ ಬಂದವು. ಡಿಸೆಂಬರ್‌ನಲ್ಲಿ ಇಬ್ಬರು ಹಾರೆ ಹಾಕಿ ಆರೂ ಕಲ್ಲು ಎತ್ತಿ, ಕೆಳಗೆ ಉಸುಕು ಸೇರಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂಡಿಸಿದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಕೆಲಸ ಮುಗಿಯಿತು. ಕಾಂಕ್ರೀಟ್ ಆಗಿದ್ದರೆ ಮತ್ತೆ ಬ್ರೇಕರ್ ತರಬೇಕಿತ್ತು.

ಅಡುಗೆಮನೆ ಕಡೆಯ ಸುಣ್ಣದ ಸಂದಿಯಲ್ಲಿ ವರ್ಷ ವರ್ಷ ಕೂದಲೆಳೆಯ ಬಿರುಕು ಬರುತ್ತದೆ. ದೀಪಾವಳಿ ಹತ್ತಿರ ಮಾಸ್ತರ್ ಒಂದು ಬಟ್ಟಲು ಗಾರೆ ಕಲಸಿ ತಾವೇ ತುಂಬುತ್ತಾರೆ. ಕಲ್ಲಪುಡಿಯ ಸಂದಿಯಲ್ಲಿ ಇರುವೆ ಬಂದದ್ದೂ ನಿಜ, ಮನೆಯಾಕೆ ಅದನ್ನು ನನಗೆ ಪ್ರತಿ ಸಲ ನೆನಪಿಸುತ್ತಾರೆ. ಮೇ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ಆ ಕಲ್ಲಿನ ಮೇಲೆ ನಿಲ್ಲಲಾಗುವುದಿಲ್ಲ. ಸಂಜೆ ಎರಡು ಬಕೆಟ್ ನೀರು ಹೊಡೆದು ಅರ್ಧ ತಾಸು ಬಿಟ್ಟ ಮೇಲೇ ಕುರ್ಚಿ.

ಕಾಂಪೌಂಡಿಗೆ ಒರಗಿಸಿಟ್ಟ ಎಂಟು ಹೆಚ್ಚುವರಿ ಕಲ್ಲುಗಳಲ್ಲಿ ಇನ್ನೂ ಏಳು ಉಳಿದಿವೆ. ಒಂದನ್ನು ಪಾತ್ರೆ ತೊಳೆಯುವ ಕಟ್ಟೆಗೆ ಹಾಕಿಕೊಂಡರು. ಮಾಸ್ತರ್ ನೋಟ್‌ಬುಕ್ ಮುಂದುವರಿದಿದೆ, ಈಗ ನಾಲ್ಕು ಮೂಲೆ ಮತ್ತು ನಡುವಿನ ಒಂದು ಕಲ್ಲಿನ ಮಟ್ಟ, ವರ್ಷಕ್ಕೆ ಎರಡು ಸಲ. ಹೋದ ಬೇಸಿಗೆಯಲ್ಲಿ ಅದೇ ಓಣಿಯ ಇನ್ನೊಬ್ಬರು ನನಗೆ ಬಿರುಕಿನ ಫೋಟೋ ಕಳಿಸಿ ಏನು ತುಂಬಬೇಕು ಅಂತ ಕೇಳಿದರು. ಸದ್ಯಕ್ಕೆ ಏನೂ ತುಂಬಬೇಡಿ, ಮಾಸ್ತರ್ ಹತ್ತಿರ ಸ್ಕೇಲ್ ಇಸ್ಕೊಳ್ಳಿ ಅಂದೆ.